ನಾವು ಕೇಳಿದ್ದು ವಾಯಿದೆ, ಸಿಕ್ಕಿದ್ದು ಬಿಡುಗಡೆ



ತಪಸ್ಸುಕಾಲದ ಮೂರನೆಯ ವಾರದ ಮಂಗಳವಾರ ಬಲಿಪೂಜೆಯಲ್ಲಿ ಓದುವ ಶುಭಸಂದೇಶ ನಿಮಗೆಲ್ಲ ಗೊತ್ತಿರುವುದೇ. ಅರಸನಿಗೆ ಹತ್ತು ಸಾವಿರ ತಲಾಂತು ತೀರಿಸಬೇಕಾಗಿದ್ದ ಒಬ್ಬ ಸೇವಕ, ಆ ಸೇವಕನಿಗೆ ನೂರು ದಿನಾರಿ ಕೊಡಬೇಕಾಗಿದ್ದ ಇನ್ನೊಬ್ಬ. ಸಂತ ಮತ್ತಾಯನು 18ನೇ ಅಧ್ಯಾಯದಲ್ಲಿ ಬರೆದಿರುವ ಸಾಮತಿ ಇದು. ಪ್ರತಿ ವರ್ಷ ಕೇಳುತ್ತೇವೆ, "ಎಂಥಾ ಕಟುಕ ಮನುಷ್ಯ" ಎಂದುಕೊಳ್ಳುತ್ತೇವೆ, ಮನೆಗೆ ಹೋಗುತ್ತೇವೆ. ಈ ವರ್ಷ ನಮ್ಮ ಯುವಜನ ಸಂಘಕ್ಕೆ ಹಾಗೆ ಎದ್ದು ಹೋಗಲು ಆಗಲಿಲ್ಲ. ಅದರ ಕಾರಣವನ್ನು ನಿಮ್ಮೆಲ್ಲರ ಮುಂದೆ ಹೇಳಿಕೊಳ್ಳಬೇಕೆಂದು, ಗುರುಗಳ ಅಪ್ಪಣೆ ಪಡೆದು ಬರೆಯುತ್ತಿದ್ದೇವೆ.

ಮೊದಲು ಒಂದು ಲೆಕ್ಕ. ನಮ್ಮ ಸಂಘದಲ್ಲಿ ಬಿ.ಎಸ್ಸಿ. ಓದಿದವರಿದ್ದೇವೆ, ಲೆಕ್ಕ ಕಂಡರೆ ಸುಮ್ಮನಿರುವವರಲ್ಲ. ಒಂದು ದಿನಾರಿ ಎಂದರೆ ಆ ಕಾಲದ ಕೂಲಿಯವನ ಒಂದು ದಿನದ ಸಂಬಳ. ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿ. ಹಾಗಾದರೆ ಹತ್ತು ಸಾವಿರ ತಲಾಂತು ಎಂದರೆ 6 ಕೋಟಿ ದಿನದ ಕೂಲಿ. ಒಂದು ದಿನವೂ ರಜೆ ಹಾಕದೆ, ಒಂದು ಪೈಸೆಯೂ ಖರ್ಚು ಮಾಡದೆ ದುಡಿದರೂ ತೀರಿಸಲು ಒಂದು ಲಕ್ಷದ ಅರವತ್ತನಾಲ್ಕು ಸಾವಿರ ವರ್ಷ ಬೇಕು. ಲೆಕ್ಕ ಮುಗಿದಾಗ ನಾವು ನಕ್ಕೆವು. ಯಾಕೆಂದರೆ ಆ ಸೇವಕ ಅರಸನ ಕಾಲಿಗೆ ಬಿದ್ದು ಕೇಳಿದ್ದು ಇಷ್ಟೇ: ಸ್ವಲ್ಪ ತಾಳ್ಮೆ ಇರಲಿ, ಎಲ್ಲವನ್ನೂ ತೀರಿಸಿಬಿಡುತ್ತೇನೆ.

ಅವನು ಕೇಳಿದ್ದು ವಾಯಿದೆ. ಅರಸ ಕೊಟ್ಟದ್ದು ಬಿಡುಗಡೆ.

ವಾಯಿದೆ ಎಂದರೇನು ಎಂದು ನಮ್ಮ ಊರುಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸೊಸೈಟಿಯಲ್ಲಿ ಒಡವೆ ಅಡ ಇಟ್ಟ ಮನೆ, ಸಂಘದ ಸಾಲದ ಕಂತು ಕಟ್ಟುವ ಮನೆ, ಅರಿಶಿನದ ರೇಟು ಬಿದ್ದ ವರ್ಷ ಬಡ್ಡಿ ಮಾತ್ರ ಕಟ್ಟಿ ಅಸಲನ್ನು ಮುಂದಕ್ಕೆ ಹಾಕಿದ ಮನೆ, ಎಲ್ಲವೂ ನಮ್ಮವೇ. ಮನ್ನಾ ಎಂಬುದನ್ನೂ ಕಂಡಿದ್ದೇವೆ. 2021ರಲ್ಲಿ ತಮಿಳುನಾಡು ಸರ್ಕಾರ ಸಹಕಾರ ಬ್ಯಾಂಕುಗಳಲ್ಲಿ 5 ಸವರನ್ ವರೆಗಿನ ಒಡವೆ ಸಾಲ ಮನ್ನಾ ಎಂದು ಹೇಳಿತು. ಅದಕ್ಕೂ ಷರತ್ತುಗಳಿದ್ದವು. ಅರ್ಹರ ಪಟ್ಟಿ ಒಂದು, ಅನರ್ಹರ ಪಟ್ಟಿ ಒಂದು. ಸರ್ಕಾರ ಹಾಗಲ್ಲದೆ ಬೇರೆ ರೀತಿ ನಡೆಯಲಾರದು. ಆದರೆ ಸಾಮತಿಯ ಅರಸ ಪಟ್ಟಿಯನ್ನೇ ತರಿಸಲಿಲ್ಲ. ಅವನಿಗೆ ಕನಿಕರ ಬಂತು, ಬಿಟ್ಟುಬಿಟ್ಟ.

ಇನ್ನು ನಮ್ಮ ಕಥೆ.

ಕಳೆದ ಡಿಸೆಂಬರಿನಲ್ಲಿ ಕ್ಯಾರೋಲ್ಸ್‌ಗೆ ಹೋಗಿದ್ದೆವು. ದೂರದ ಹಟ್ಟಿಯಿಂದ ವಾಪಸು ಬರುವಾಗ ಮಳೆ ಹಿಡಿಯಿತು. ಪಿಕಪ್ ಗಾಡಿಯ ಹಿಂದೆ ಕೀಬೋರ್ಡು. ಟಾರ್ಪಾಲು ಇತ್ತು, ಆದರೆ ಅದನ್ನು ನಾವು ನಮ್ಮ ತಲೆಯ ಮೇಲೆ ಹಿಡಿದುಕೊಂಡಿದ್ದೆವು. ಮಾರನೆಯ ದಿನ ಅಂಗಡಿಯವರು ಬಿಚ್ಚಿ ನೋಡಿ, ಒಳಗಿನ ಬೋರ್ಡು ಸುಟ್ಟುಹೋಗಿದೆ, ರಿಪೇರಿ ಆಗುವುದಿಲ್ಲ ಎಂದರು. ಅದರ ಬೆಲೆ 28,000 ರೂಪಾಯಿ. ಹೂವು ಬಿಡಿಸಿದ ಕೂಲಿಯಲ್ಲಿ, ಕೋಳಿ ಮಾರಿದ ದುಡ್ಡಿನಲ್ಲಿ ನೀವೆಲ್ಲ ಕೊಟ್ಟ ಕಾಣಿಕೆಯಿಂದ ಕೊಂಡದ್ದು ಅದು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಕೂತು ಲೆಕ್ಕ ಹಾಕಿದೆವು. ಎಲ್ಲರೂ ಸೇರಿ ತಿಂಗಳಿಗೆ 500 ಕಟ್ಟಿದರೆ 56 ತಿಂಗಳು, ನಾಲ್ಕು ವರ್ಷ ಎಂಟು ತಿಂಗಳು. ಒಂದು ಕಾಗದದಲ್ಲಿ ಬರೆದು, ಸಹಿ ಹಾಕಿ, ಗುರುಗಳ ಬಳಿಗೆ ಹೋದೆವು. ನಮ್ಮ ಗುರುಗಳ ಮನೆಮಾತು ತಮಿಳು, ಕನ್ನಡ ಕಲಿತದ್ದು ನಮ್ಮ ಧರ್ಮಕೇಂದ್ರಕ್ಕೆ ಬಂದ ಮೇಲೆ. ಕಾಗದವನ್ನು ಪೂರ್ತಿ ಓದಿದರು. ಮಡಿಸಿ ನಮ್ಮ ಕೈಗೇ ಕೊಟ್ಟರು. "ವಿಡುಂಗಪ್ಪಾ" ಎಂದರು. ಆಮೇಲೆ ಕನ್ನಡದಲ್ಲಿ, "ಮುಖ ಎಲ್ಲಾ ಬಾಡಿದೆ. ಮೊದಲು ಊಟ ಮಾಡಿ" ಎಂದರು. ಅಂದಿನಿಂದ ಇಂದಿನವರೆಗೆ ಆ ಮಾತನ್ನು ಅವರು ಎತ್ತಿಲ್ಲ. ಹಬ್ಬದ ಬಲಿಪೂಜೆಗೆ ಬೇರೆ ಕಡೆಯಿಂದ ಹಳೆಯ ಕೀಬೋರ್ಡೊಂದನ್ನು ತರಿಸಿಕೊಟ್ಟರು.

ನಮಗೆ ತುಂಬ ಸಂತೋಷವಾಯಿತು. ಗುರುಗಳು ಎಷ್ಟು ಒಳ್ಳೆಯವರು ಎಂದು ಮಾತಾಡಿಕೊಂಡೆವು. ಅಲ್ಲಿಗೆ ಮುಗಿಸಿದೆವು. ನಮ್ಮ ತಪ್ಪು ಶುರುವಾದದ್ದು ಅಲ್ಲಿಂದಲೇ.

ಜನವರಿ 26ರ ರಜೆಗೆ ಮೈಸೂರಿನ ಸಂತ ಫಿಲೋಮಿನಮ್ಮನವರ ದೇವಾಲಯಕ್ಕೆ ಹೋಗುವುದೆಂದು ತೀರ್ಮಾನ ಮಾಡಿದ್ದೆವು. ನಮ್ಮ ಉದಕಮಂಡಲ ಧರ್ಮಕ್ಷೇತ್ರ 1955ರಲ್ಲಿ ಮೈಸೂರು ಧರ್ಮಕ್ಷೇತ್ರದಿಂದಲೇ ಬೇರೆಯಾದದ್ದು; ತಾಯಿಮನೆಯನ್ನು ನೋಡಿ ಬಂದ ಹಾಗಾಗುತ್ತದೆ ಎಂಬ ಆಸೆ. ವ್ಯಾನಿನಲ್ಲಿ 17 ಸೀಟು. ಹೋಗುವವರನ್ನು ಹಾಜರಿ ಪುಸ್ತಕ ನೋಡಿ ಆರಿಸಿದೆವು. ವರ್ಷದಲ್ಲಿ ನಡೆದ 48 ಸಭೆಗಳಲ್ಲಿ ಕನಿಷ್ಠ 24ಕ್ಕೆ ಬಂದಿರಬೇಕು, 500 ರೂಪಾಯಿ ಪೂರ್ತಿ ಕಟ್ಟಿರಬೇಕು. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸ ಮಾಡುವ ನಮ್ಮ ಹುಡುಗನೊಬ್ಬ ಬಂದಿದ್ದು 11 ಸಭೆಗೆ, ಕಟ್ಟಿದ್ದು 200 ರೂಪಾಯಿ. ಅವನ ಹೆಸರಿನ ಮೇಲೆ ಗೀಟು ಎಳೆದೆವು.

25ರ ಸಂಜೆ ಅವನು ಬಂದ. ಶಿಫ್ಟು ಬದಲಾಯಿಸಿಕೊಂಡು, ಸತ್ಯಮಂಗಲದಿಂದ ಬಸ್ಸು ಹಿಡಿದು, ದಿಂಬಂ ಘಾಟಿಯ 27 ತಿರುವು ಹತ್ತಿ, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡೇ ದೇವಾಲಯದ ಅಂಗಳಕ್ಕೆ ಬಂದ. ಪಟ್ಟಿ ಮುಗಿದಿದೆ ಎಂದೆವು. ರೂಲ್ಸು ಎಲ್ಲರಿಗೂ ಒಂದೇ ಎಂದೆವು. ಉಳಿದ 300 ರೂಪಾಯಿ ಅವನ ಕೈಯಲ್ಲಿತ್ತು. "ಸರಿ ಅಣ್ಣ" ಎಂದಷ್ಟೇ ಹೇಳಿ ಹೋದ.

ಬೆಳಗಿನ ಜಾವ ಹೊರಡುವಾಗ ಒಬ್ಬ ಹುಡುಗಿಗೆ ಜ್ವರ ಬಂದು ಒಂದು ಸೀಟು ಖಾಲಿ ಉಳಿಯಿತು. ದೇವಾಲಯದ ಬಾಗಿಲು ತೆಗೆಯುವ ಅಜ್ಜಿ ವ್ಯಾನಿನ ಒಳಗೆ ಇಣುಕಿ, ಆ ಹುಡುಗ ಎಲ್ಲಿ ಎಂದು ಕೇಳಿದರು. ನಾವು ಹಾಜರಿಯ ವಿಷಯ ಹೇಳಿದೆವು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಕೀಬೋರ್ಡ ಮಳೇಲಿ ನೆನೆಸ್ಕಂಡು ಬಂದ್ರಲ್ಲ, ಅವತ್ತು ನಿಮ್ಮ ಹೆಸ್ರ ಯಾರಾರ ಹೊಡ್ದಾಕುದ್ರಾ ಮಕ್ಕ?"

ವ್ಯಾನನ್ನು ನೇರ ಅವನ ಮನೆಗೆ ತಿರುಗಿಸಿದೆವು. ಅವನ ತಾಯಿ ಹೊರಗೆ ಬಂದರು. ಹುಡುಗ ಮೊದಲನೆಯ ಬಸ್ಸಿಗೇ ತಿರುಪ್ಪೂರಿಗೆ ಹೊರಟುಹೋಗಿದ್ದ. ಚಾಮರಾಜನಗರ ದಾಟುವವರೆಗೆ ವ್ಯಾನಿನಲ್ಲಿ ಯಾರೂ ಹಾಡು ಹೇಳಲಿಲ್ಲ. ಮೈಸೂರಿನಲ್ಲಿ, ಪೀಠದ ಕೆಳಗಿನ ನೆಲಮಾಳಿಗೆಗೆ ಇಳಿದು ಸಂತ ಫಿಲೋಮಿನಮ್ಮನವರ ಪ್ರತಿಮೆಯ ಮುಂದೆ ಮೊಣಕಾಲೂರಿದಾಗ, ನಾವು ಕೇಳಬೇಕೆಂದುಕೊಂಡು ಬಂದಿದ್ದ ಕೋರಿಕೆಗಳು ಯಾವುವೂ ಬಾಯಿಗೆ ಬರಲಿಲ್ಲ.

ಪ್ರಿಯರೇ, ವಾಪಸು ಬಂದು ಹಾಜರಿ ಪುಸ್ತಕವನ್ನು ಇನ್ನೊಮ್ಮೆ ತೆರೆದೆವು. ಆ ಹುಡುಗ ಬಂದಿದ್ದ 11 ದಿನಗಳ ತಾರೀಖು ನೋಡಿದೆವು. ತಿಂಗಳಿಗೆ ಒಂದರಂತೆ 11 ತಿಂಗಳು. ರಜೆ ಸಿಕ್ಕಿ ಊರಿಗೆ ಬಂದ ಒಂದು ಭಾನುವಾರವನ್ನೂ ಅವನು ತಪ್ಪಿಸಿರಲಿಲ್ಲ. ಅದೇ ಪುಸ್ತಕದಲ್ಲಿ, ಅದೇ ಶಾಯಿಯಲ್ಲಿ ಬರೆದಿತ್ತು. ನಾವು ಒಟ್ಟು ಮೊತ್ತವನ್ನು ಮಾತ್ರ ನೋಡಿದ್ದೆವು.

ಸಾಮತಿಯ ಸೇವಕನ ತಪ್ಪು ಏನೆಂದು ಆಗ ಅರ್ಥವಾಯಿತು. ಅವನು ಅರಸನ ಮುಂದಿನಿಂದ ಎದ್ದು ಹೋದದ್ದು ಬಿಡುಗಡೆ ಪಡೆದವನ ಹಾಗೆ ಅಲ್ಲ, ವಾಯಿದೆ ಪಡೆದವನ ಹಾಗೆ. ಇನ್ನೂ ತೀರಿಸಬೇಕಾಗಿದೆ ಎಂದುಕೊಂಡವನು ಮಾತ್ರ ದಾರಿಯಲ್ಲಿ ಸಿಕ್ಕವನ ಕುತ್ತಿಗೆಗೆ ಕೈಹಾಕುತ್ತಾನೆ. ಅವನಿಗೆ ಎಲ್ಲವೂ ಸಿಕ್ಕಿತ್ತು, ಸಿಕ್ಕಿದೆ ಎಂಬುದು ಅವನ ಒಳಗೆ ಇಳಿದಿರಲಿಲ್ಲ. ನಮಗೂ ಹಾಗೆಯೇ ಆಯಿತು. ಗುರುಗಳು ಒಳ್ಳೆಯವರು ಎಂದು ಹೊಗಳಿದೆವು, ಅವರು ಕೊಟ್ಟದ್ದನ್ನು ಮನಸ್ಸಿಗೆ ತೆಗೆದುಕೊಳ್ಳಲಿಲ್ಲ.

ಒಂದು ಮಾತನ್ನು ಇಲ್ಲಿ ಮರೆಯಬಾರದು. ನೂರು ದಿನಾರಿ ಸಣ್ಣ ಮೊತ್ತವಲ್ಲ. ನಮ್ಮ ಮನೆಗಳಲ್ಲಿ ನೂರು ದಿನದ ಕೆಲಸದ ಕೂಲಿ ಎಂದರೆ ಎಷ್ಟು ದೊಡ್ಡದೆಂದು ತಾಯಂದಿರನ್ನು ಕೇಳಿ. ಹಾಗಾಗಿ ಬೇರೆಯವರು ನಮಗೆ ಮಾಡಿದ ನೋವು ಏನೂ ಅಲ್ಲ ಎಂದು ಯೇಸುಸ್ವಾಮಿ ಹೇಳುತ್ತಿಲ್ಲ. ಜಮೀನಿನ ಗಡಿ ಒತ್ತಿದ ಅಣ್ಣ, ಮದುವೆಗೆ ಕರೆಯದ ನಾದಿನಿ, ಸಾಲ ತೆಗೆದುಕೊಂಡು ಮಾತು ಬಿಟ್ಟ ಸ್ನೇಹಿತ, ಇವರು ಕೊಟ್ಟ ನೋವು ನಿಜವಾದದ್ದೇ. ಆದರೆ ಅದರ ಪಕ್ಕದಲ್ಲಿ ನಮಗೆ ಬಿಟ್ಟುಕೊಟ್ಟದ್ದನ್ನು ಇಟ್ಟು ನೋಡಿ ಎನ್ನುತ್ತಾರೆ. ಒಂದಕ್ಕೆ ಆರು ಲಕ್ಷ.

ಜಪಸರ ಹಿಡಿದು ಐದು ರಹಸ್ಯ ಮುಗಿಸುವಷ್ಟರಲ್ಲಿ ಮಾತೆ ಮರಿಯಮ್ಮನವರನ್ನು 53 ಸಲ ವರಪ್ರಸಾದಪೂರ್ಣೆ ಎಂದು ಕರೆಯುತ್ತೇವೆ. ದೇವದೂತನು ಆ ಮಾತಿನಿಂದ ವಂದಿಸಿದ್ದು ಯಾವಾಗ? ಅವರು ಇನ್ನೂ ಆಗಲಿ ಎನ್ನುವುದಕ್ಕೆ ಮುಂಚೆ. ಬೆತ್ಲೆಹೇಮಿಗೂ ಶಿಲುಬೆಯ ಬುಡಕ್ಕೂ ಹೋಗುವುದಕ್ಕೆ ಬಹಳ ಮುಂಚೆ. ವರಪ್ರಸಾದ ಯಾವಾಗಲೂ ಮೊದಲು ಬರುತ್ತದೆ, ನಮ್ಮ ಉತ್ತರ ಆಮೇಲೆ. 1547ರಲ್ಲಿ ಟ್ರೆಂಟ್ ಮಹಾಸಭೆ ಹೇಳಿದ್ದೂ ಇದನ್ನೇ: ದೇವರು ನಮ್ಮನ್ನು ನೀತಿವಂತರನ್ನಾಗಿ ಮಾಡುವುದಕ್ಕೆ ಮುಂಚೆ ನಮ್ಮಲ್ಲಿರುವ ಯಾವುದೂ, ವಿಶ್ವಾಸವಾಗಲಿ ಸತ್ಕ್ರಿಯೆಯಾಗಲಿ, ಆ ವರಪ್ರಸಾದವನ್ನು ಸಂಪಾದಿಸಲಾರದು. 24ನೇ ವಯಸ್ಸಿನಲ್ಲೇ ತೀರಿಕೊಂಡ ಬಾಲಯೇಸುವಿನ ಸಂತ ತೆರೇಸಮ್ಮನವರು ದೇವರ ಮುಂದೆ ಬರಿಗೈಯಲ್ಲಿ ನಿಲ್ಲಲು ಬಯಸಿದರು. ನಮ್ಮ ವಯಸ್ಸಿನವರೇ. ನಾವು ಹಾಜರಿ ಪುಸ್ತಕ ಹಿಡಿದುಕೊಂಡು ನಿಂತಿದ್ದೆವು.

ಪಾಪನಿವೇದನೆಗೂ ನಾವು ಎಷ್ಟೋ ಸಲ ವಾಯಿದೆ ಕೇಳಲು ಹೋಗುತ್ತೇವೆ. ಇದೊಂದು ಸಲ ಬಿಡಿ ಸ್ವಾಮಿ, ಮುಂದೆ ಸರಿಮಾಡಿಕೊಳ್ಳುತ್ತೇವೆ ಎನ್ನುತ್ತೇವೆ. ಹೊರಗೆ ಬಂದ ಮೇಲೆ ಹಳೆಯ ಪಾಪವನ್ನು ಬಾಕಿ ಎಂದು ಹೊತ್ತುಕೊಂಡೇ ನಡೆಯುತ್ತೇವೆ. ಗುರುಗಳು ಕೊಡುವ ಪ್ರಾಯಶ್ಚಿತ್ತ ಕಂತಿನ ಹಣವಲ್ಲ. ಬೆಲೆಯನ್ನು ಶಿಲುಬೆಯ ಮೇಲೆ ಯೇಸುಸ್ವಾಮಿ ತೆತ್ತಾಗಿದೆ. ಕೆಡಿಸಿದ್ದನ್ನು ಸರಿಪಡಿಸಲು ಬಿಡುಗಡೆಯಾದವರು ಇಡುವ ಮೊದಲ ಹೆಜ್ಜೆ ಅದು.

ನಮ್ಮ ಹೆಜ್ಜೆ ಒಂದು ಫೋನ್ ಆಗಿತ್ತು. ಮೊದಲನೆಯ ಸಲ ಅವನು ಎತ್ತಲಿಲ್ಲ. ಎರಡನೆಯ ಸಲ ಎತ್ತಿದ, ಹಿಂದೆ ಮಿಷನ್ನುಗಳ ಸದ್ದು. ನಾವು ಮಾತು ಜೋಡಿಸಿಕೊಂಡಿದ್ದೆವು, ಅರ್ಧ ಹೇಳುವಷ್ಟರಲ್ಲೇ ಅವನು, "ಬುಡಣ್ಣ" ಎಂದ.

ಗುರುಗಳು ತಮಿಳಿನಲ್ಲಿ ಹೇಳಿದ್ದು ವಿಡು. ಅವನು ಕನ್ನಡದಲ್ಲಿ ಹೇಳಿದ್ದು ಬಿಡು. ಎರಡೂ ಒಂದೇ ಮಾತು, ಅವರ ವಿಡುದಲೈ, ನಮ್ಮ ಬಿಡುಗಡೆ. ಶುಭಸಂದೇಶವನ್ನು ಬರೆದ ಗ್ರೀಕ್ ಭಾಷೆಯಲ್ಲೂ ಕ್ಷಮಿಸು ಎಂಬುದಕ್ಕೆ ಇರುವ ಪದದ ಮೂಲ ಅರ್ಥ ಬಿಟ್ಟುಬಿಡು ಎಂದೇ. ಎರಡು ತಿಂಗಳೊಳಗೆ ಎರಡು ಸಲ ನಮಗೆ ಆ ಮಾತು ಸಿಕ್ಕಿತು, ಎರಡು ಭಾಷೆಯಲ್ಲಿ. ಎರಡು ಸಲವೂ ನಮಗೆ ಅದರ ಯೋಗ್ಯತೆ ಇರಲಿಲ್ಲ.

ಹೀಗೆ ಎಲ್ಲವನ್ನೂ ಬಿಟ್ಟುಬಿಟ್ಟರೆ ಪ್ರಾಕ್ಟೀಸಿಗೆ ಯಾರು ಬರುತ್ತಾರೆ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ವರಪ್ರಸಾದ ಎಂದರೆ ಬೇಜವಾಬ್ದಾರಿಗೆ ಪರವಾನಗಿಯಲ್ಲ. ಕೀಬೋರ್ಡಿಗೆ ಈಗ ಎರಡು ಸುತ್ತು ಟಾರ್ಪಾಲು ಸುತ್ತುತ್ತೇವೆ, ಯಾರೂ ಹೇಳಿಸಿಕೊಳ್ಳದೆ. ದಂಡ ಕಟ್ಟಿದ್ದರೆ ಇಷ್ಟು ಜೋಪಾನ ಮಾಡುತ್ತಿದ್ದೆವೋ ಇಲ್ಲವೋ! ಹಾಜರಿ ಪುಸ್ತಕವನ್ನೂ ಬಿಸಾಡಿಲ್ಲ, ಆದರೆ ಅದರ ಉಪಯೋಗ ಬದಲಾಗಿದೆ. ಎರಡು ವಾರ ಯಾರ ಹೆಸರಿನ ಮುಂದೆ ಖಾಲಿ ಇದೆಯೋ ಅವರ ಮನೆಗೆ ಇಬ್ಬರು ಹೋಗಿ ಬರುತ್ತಾರೆ. ಹೂವಿನ ತೋಟಕ್ಕೆ ಬೆಳಗ್ಗೆಯೇ ಹೋಗುವ ಹುಡುಗಿಯರಿಗಾಗಿ ಸಭೆಯನ್ನು ಸಂಜೆಗೆ ಹಾಕಿದ್ದೇವೆ. ಹೆಸರು ಹೊಡೆದುಹಾಕುವ ಕೆಂಪು ಪೆನ್ನನ್ನು ಅಜ್ಜಿಗೆ ಕೊಟ್ಟಿದ್ದೇವೆ. ಅವರು ಅದರಲ್ಲಿ ಹಾಲಿನ ಲೆಕ್ಕ ಬರೆಯುತ್ತಾರೆ.

ಈ ತಪಸ್ಸುಕಾಲದಲ್ಲಿ ನಿಮ್ಮನ್ನು ಒಂದು ಕೇಳಿಕೊಳ್ಳುತ್ತೇವೆ. ಪಾಸ್ಕ ಹಬ್ಬಕ್ಕೆ ಮುಂಚೆ ಪಾಪನಿವೇದನೆಗೆ ಬನ್ನಿ, ವಾಯಿದೆ ಕೇಳಲು ಬರಬೇಡಿ, ಬಿಡುಗಡೆ ಪಡೆಯಲು ಬನ್ನಿ. ಮನೆಗೆ ಹೋಗುವ ದಾರಿಯಲ್ಲಿ ನಿಮಗೆ ನೂರು ದಿನಾರಿ ಕೊಡಬೇಕಾದವರು ಸಿಕ್ಕರೆ, ಒಂದು ಕ್ಷಣ ನಿಂತು, ಈಗ ತಾನೆ ಎಲ್ಲಿಂದ ಬಂದೆವು ಎಂದು ನೆನೆಸಿಕೊಳ್ಳಿ.

ಆ ಹುಡುಗ ಹಬ್ಬಕ್ಕೆ ರಜೆ ಸಿಕ್ಕರೆ ಬರುತ್ತೇನೆ ಎಂದಿದ್ದಾನೆ. ಸಿಗುತ್ತದೋ ಇಲ್ಲವೋ. ಅವನ ಹೆಸರನ್ನು ಪುಸ್ತಕದಲ್ಲಿ ಮತ್ತೆ ಬರೆದಿದ್ದೇವೆ. ನೀವೂ ಅವನಿಗಾಗಿ, ದೂರದಲ್ಲಿ ದುಡಿಯುತ್ತಿರುವ ನಮ್ಮೆಲ್ಲ ಯುವಜನರಿಗಾಗಿ, ನಮಗಾಗಿಯೂ ಒಂದು ನಮೋ ಮರಿಯ ಹೇಳಿ.

ಕೇಳುವುದಕ್ಕೆ ಮುಂಚೆಯೇ ಕೊಡುವ ತಂದೆಯೇ, ನೀವು ಬಿಟ್ಟುಕೊಟ್ಟದ್ದನ್ನು ನಾವು ಮರೆಯದಂತೆ ಮಾಡಿರಿ. ಆಮೆನ್.

ನಿಮ್ಮ ಧರ್ಮಕೇಂದ್ರದ ಯುವಜನ ಸಂಘದ ಪರವಾಗಿ,
ಯುವಜನ ಸಂಚಾಲಕರು