ಲೆಕ್ಕಕ್ಕೆ ಬಾರದ ಅಂಕಗಳು

2024ರ ಚಳಿಗಾಲದ ಕೊನೆಯಲ್ಲಿ ಅಮೆರಿಕದಲ್ಲಿದ್ದವರ ಕಿವಿಗೆ ಕೇಟ್ಲಿನ್ ಕ್ಲಾರ್ಕ್ ಹೆಸರು ಬೀಳದ ದಿನವಿರಲಿಲ್ಲ. ಅಯೋವಾ ವಿಶ್ವವಿದ್ಯಾಲಯದ ಆ ಬಾಸ್ಕೆಟ್‌ಬಾಲ್ ಆಟಗಾರ್ತಿ ಫೆಬ್ರವರಿ 15ರಂದು ಕೆಲ್ಸಿ ಪ್ಲಮ್ ಅವರ 3,527 ಅಂಕಗಳ ಅಧಿಕೃತ ಮಹಿಳಾ ದಾಖಲೆ ಮುರಿದರು. ಮಾರ್ಚ್ 3ರಂದು ಪುರುಷರ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಪೀಟ್ ಮರಾವಿಚ್ ಹೆಸರಲ್ಲಿದ್ದ 3,667ನ್ನೂ ದಾಟಿದರು. ಎರಡಕ್ಕೂ ದೊಡ್ಡ ಸಂಭ್ರಮ ನಡೆಯಿತು, ನಡೆಯಬೇಕಾದ್ದೇ. ಆದರೆ ಇವೆರಡರ ನಡುವೆ, ಫೆಬ್ರವರಿ 28ರ ರಾತ್ರಿ ಮಿನಿಯಾಪೊಲಿಸ್‌ನಲ್ಲಿ ಮಿನೆಸೋಟ ತಂಡದ ವಿರುದ್ಧ ಆಡುವಾಗ ಕ್ಲಾರ್ಕ್ ಇನ್ನೊಂದು ಸಂಖ್ಯೆಯನ್ನು ಹಿಂದೆ ಹಾಕಿದ್ದರು: 3,649. ಕಾಲೇಜು ಕ್ರೀಡೆಯ ಆಡಳಿತ ಮಂಡಳಿ ಎನ್‌ಸಿಎಎ ಪಾಲಿಗೆ ಆ ರಾತ್ರಿ ಯಾವ ದಾಖಲೆಯೂ ಮುರಿಯಲಿಲ್ಲ. ಏಕೆಂದರೆ ಅದರ ಪುಸ್ತಕದಲ್ಲಿ ಆ ಸಂಖ್ಯೆಗೆ ಜಾಗವೇ ಇರಲಿಲ್ಲ.

ಆ 3,649 ಅಂಕಗಳು ಲಿನೆಟ್ ವುಡರ್ಡ್ ಅವರವು. 1981ರಲ್ಲಿ ಮುಗಿದ ಅವರ ಕಾಲೇಜು ಆಟದ ಲೆಕ್ಕ ದೊಡ್ಡ ಕಾಲೇಜುಗಳ ಮಹಿಳಾ ಆಟದಲ್ಲಿ ನಲವತ್ತಮೂರು ವರ್ಷ ಹಾಗೇ ಉಳಿದಿತ್ತು.

ವುಡರ್ಡ್ ಹುಟ್ಟಿದ್ದು 1959ರಲ್ಲಿ, ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರದಲ್ಲಿ. ಕಾಲುಚೀಲಗಳನ್ನು ಉಂಡೆ ಮಾಡಿಕೊಂಡು ಸೋದರನ ಜೊತೆ ಮನೆಯೊಳಗೇ ಎಸೆದಾಡಿ ಗುರಿ ಕಲಿತವರು. 1977ರಲ್ಲಿ ಲಾರೆನ್ಸ್ ಊರಿನ ಕ್ಯಾನ್ಸಸ್ ವಿಶ್ವವಿದ್ಯಾಲಯ ಸೇರಿದರು. ಬಾಸ್ಕೆಟ್‌ಬಾಲ್ ಆಟವನ್ನೇ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಪಾಠ ಹೇಳಿದ, ಕೊನೆಗೆ ಮಣ್ಣಾದ ಊರು ಅದು. ಅಲ್ಲಿ ಹೆಣ್ಣುಮಕ್ಕಳ ತಂಡಕ್ಕೆ ಕೋಚ್ ಆಗಿದ್ದವರು ಮರಿಯನ್ ವಾಷಿಂಗ್ಟನ್. ಅಮೆರಿಕದ ರಾಷ್ಟ್ರೀಯ ತಂಡದಲ್ಲಿ ಆಡಿದ ಮೊದಲ ಕಪ್ಪು ಮಹಿಳೆಯರಲ್ಲಿ ಅವರೂ ಒಬ್ಬರು. ವುಡರ್ಡ್ ಕಾಲಿಟ್ಟ ವರ್ಷವೇ ರೀಬೌಂಡ್‌ನಲ್ಲಿ ದೇಶಕ್ಕೆ ಮೊದಲಿಗರಾದರು, ನಾಲ್ಕು ವರ್ಷವೂ ದೇಶದ ಅತ್ಯುತ್ತಮರ ಆಲ್-ಅಮೆರಿಕನ್ ಪಟ್ಟಿ ಸೇರಿದರು. ಕ್ಯಾನ್ಸಸ್‌ನಲ್ಲಿ ಒಬ್ಬ ಆಟಗಾರ್ತಿಯ ಗೌರವಾರ್ಥವಾಗಿ ಜೆರ್ಸಿ ಎತ್ತಿಟ್ಟದ್ದೂ ಅವರಿಂದಲೇ ಶುರು. ಅವರ ಸಂಖ್ಯೆ 31.

ಇಷ್ಟೆಲ್ಲ ಇದ್ದೂ ಲೆಕ್ಕದಿಂದ ಹೊರಗುಳಿದದ್ದು ಹೇಗೆ? ಹೆಣ್ಣುಮಕ್ಕಳ ಕಾಲೇಜು ಕ್ರೀಡೆಯನ್ನು ಆಗ ಎನ್‌ಸಿಎಎ ನಡೆಸುತ್ತಿರಲಿಲ್ಲ. ನಡೆಸುವ ಮನಸ್ಸೂ ಅದಕ್ಕಿರಲಿಲ್ಲ. 1971ರಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕಿಯರು ಸೇರಿ ಎಐಎಡಬ್ಲ್ಯು ಎಂಬ ಸಂಸ್ಥೆ ಕಟ್ಟಿಕೊಂಡು, ಕೈಯಲ್ಲಿದ್ದಷ್ಟೇ ಹಣದಲ್ಲಿ ರಾಷ್ಟ್ರಮಟ್ಟದ ಪಂದ್ಯಾವಳಿಗಳನ್ನು ನಡೆಸಿದರು. 1972ರಲ್ಲಿ ಟೈಟಲ್ ನೈನ್ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಗಂಡು-ಹೆಣ್ಣೆಂಬ ಭೇದ ಕೂಡದು ಎಂದಿತು ಆ ಕಾನೂನು. ಅದರ ಬಿಸಿ ಕ್ರೀಡೆಗೆ ತಟ್ಟದಂತೆ ಮಾಡಲು ಎನ್‌ಸಿಎಎ ಸಾಕಷ್ಟು ಓಡಾಡಿತು. ಆಗದಿದ್ದಾಗ, ಹೆಣ್ಣುಮಕ್ಕಳ ಆಟಕ್ಕೂ ಜನ ಸೇರುತ್ತಾರೆ ಎಂಬುದು ಕಾಣತೊಡಗಿದಾಗ, 1982ರಲ್ಲಿ ತಾನೇ ಮಹಿಳಾ ಬಾಸ್ಕೆಟ್‌ಬಾಲ್ ಚಾಂಪಿಯನ್‌ಶಿಪ್ ಶುರು ಮಾಡಿತು. ದೊಡ್ಡ ಕಾಲೇಜುಗಳು ಅತ್ತ ಹೋದವು, ಟಿ.ವಿ. ಹಣವೂ ಅತ್ತಲೇ ಹೋಯಿತು. ಎಐಎಡಬ್ಲ್ಯು ಅದೇ ವರ್ಷ ಬಾಗಿಲು ಹಾಕಿತು. ಅಂಗಡಿ ಕೊಂಡವರು ಹಳೆಯ ಖಾತೆ ಪುಸ್ತಕವನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಮರಾವಿಚ್ ಜೊತೆಗಿನ ಹೋಲಿಕೆ. ಅವರನ್ನು ಕ್ಲಾರ್ಕ್ ದಾಟಿದ ವಾರ ಎಲ್ಲರ ಬಾಯಲ್ಲೂ ಒಂದೇ ಮಾತು: ಮರಾವಿಚ್ ಆಡಿದ್ದು ಮೂರೇ ವರ್ಷ, ಅವರ ಕಾಲದಲ್ಲಿ ಮೂರು ಅಂಕದ ಗೆರೆಯೇ ಇರಲಿಲ್ಲ, ಅದನ್ನು ಮರೆಯಬೇಡಿ. ನ್ಯಾಯವಾದ ಮಾತೇ. ಆದರೆ ಆ ಗೆರೆ ವುಡರ್ಡ್ ಅವರಿಗೂ ಇರಲಿಲ್ಲ. ಮಹಿಳಾ ಕಾಲೇಜು ಆಟಕ್ಕೆ ಅದು ಬಂದದ್ದು 1987ರಲ್ಲಿ. ಹೆಂಗಸರ ಕೈಗೆ ಹೊಂದುವ, ಸುತ್ತಳತೆಯಲ್ಲಿ ಒಂದು ಅಂಗುಲ ಕಡಿಮೆ ಇರುವ ಚೆಂಡು ಬಂದದ್ದೂ ವುಡರ್ಡ್ ಕಾಲೇಜು ಬಿಟ್ಟ ಮೇಲೆ, 1984ರಲ್ಲಿ. ಅವರು ಗಂಡಸರ ಚೆಂಡಿನಲ್ಲೇ ಆಡಿ ಅಷ್ಟು ಅಂಕ ಗಳಿಸಿದವರು. ಮರಾವಿಚ್ ಪರವಾಗಿ ವಾದಿಸಿದವರಲ್ಲಿ ಎಷ್ಟು ಮಂದಿ ಇದನ್ನೂ ಎತ್ತಿ ಹೇಳಿದರು?

ವುಡರ್ಡ್ ಆಡಿದ್ದು 139 ಪಂದ್ಯ. ಕ್ಲಾರ್ಕ್ ಆಡಿದ್ದೂ ಸರಿಯಾಗಿ 139. ಕ್ಲಾರ್ಕ್ ಒಟ್ಟು 3,951 ಅಂಕ ಗಳಿಸಿದರು, ಅದರಲ್ಲಿ ಮೂರು ಅಂಕದ ಬುಟ್ಟಿಗಳೇ 548. ಅವನ್ನೆಲ್ಲ ಎರಡೆರಡೇ ಅಂಕವೆಂದು ಹಿಡಿದರೆ ಮೊತ್ತ 3,403ಕ್ಕೆ ಇಳಿಯುತ್ತದೆ. ಇದರಿಂದ ಕ್ಲಾರ್ಕ್ ಚಿಕ್ಕವರಾಗುವುದಿಲ್ಲ. ಗೆರೆ ಇಲ್ಲದಿದ್ದರೆ ಅವರು ಅಷ್ಟು ದೂರದಿಂದ ಎಸೆಯುತ್ತಲೇ ಇರಲಿಲ್ಲ, ಬೇರೆಯೇ ಆಟ ಆಡುತ್ತಿದ್ದರು. ಇಬ್ಬರನ್ನು ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ ಎನ್ನುವುದಷ್ಟೇ ನನ್ನ ಮಾತು. ಮಾರ್ಚ್ 3ರಂದು ಅಯೋವಾ ಸಿಟಿಯಲ್ಲಿ ಕ್ಲಾರ್ಕ್ ಫ್ರೀ ಥ್ರೋ ಎಸೆದು ಮರಾವಿಚ್ ಅವರನ್ನು ದಾಟಿದಾಗ ವುಡರ್ಡ್ ಅಲ್ಲೇ ಇದ್ದರು. ತಿಂಗಳ ಬಳಿಕ ಒಂದು ಸಮಾರಂಭದಲ್ಲಿ, ಆಟ ಬೇರೆ, ಚೆಂಡು ಬೇರೆ, ಹಾಗಿರುವಾಗ ತಮ್ಮ ದಾಖಲೆ ಮುರಿದಿದೆ ಎಂದು ತಮಗನಿಸದು ಎಂದರು. ಕೆಲವರಿಗೆ ಅದು ಹಿಡಿಸಲಿಲ್ಲ. ದಾಖಲೆ ಈಗ ಕ್ಲಾರ್ಕ್ ಅವರದೇ ಎಂದು ಆಮೇಲೆ ವುಡರ್ಡ್ ಅವರೇ ಸ್ಪಷ್ಟನೆ ಕೊಟ್ಟರು. ನಾಲ್ಕು ದಶಕ ಯಾರೂ ಕೇಳದ ಪ್ರಶ್ನೆಗೆ ಒಮ್ಮೆ ಮನಬಿಚ್ಚಿ ಉತ್ತರ ಕೊಡುವ ಹಕ್ಕು ಅವರಿಗಿತ್ತು ಎಂದೇ ನಾನು ಭಾವಿಸುತ್ತೇನೆ.

ಕಾಲೇಜು ಮುಗಿದ ಮೇಲೆ ಏನು? ಹೆಣ್ಣುಮಕ್ಕಳಿಗೆ ನೆಚ್ಚಿಕೊಳ್ಳುವಂಥ ವೃತ್ತಿಪರ ಲೀಗ್ ಅಮೆರಿಕದಲ್ಲಿರಲಿಲ್ಲ. ಕಾಲೇಜಿನಲ್ಲಿದ್ದಾಗಲೇ 1980ರ ಒಲಿಂಪಿಕ್ಸ್‌ಗೆ ಆಯ್ಕೆಯಾಗಿದ್ದರೂ ಅಮೆರಿಕ ಮಾಸ್ಕೋವನ್ನು ಬಹಿಷ್ಕರಿಸಿತ್ತು. ಇಟಲಿಗೆ ಹೋಗಿ ಆಡಿ ಬಂದರು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಾಯಕಿಯಾಗಿ ಚಿನ್ನ ಗೆದ್ದರು. ಮರುವರ್ಷ ಪ್ರದರ್ಶನ ಪಂದ್ಯಗಳಿಗೆ ಹೆಸರಾದ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡಕ್ಕೆ ಆಯ್ಕೆಯಾದ ಮೊದಲ ಮಹಿಳೆಯಾದರು. ಆ ತಂಡದಲ್ಲಿ ಹೆಸರು ಮಾಡಿದ್ದ ‘ಗೀಸ್’ ಆಸ್ಬಿ ವುಡರ್ಡ್ ಅವರ ಸಂಬಂಧಿಕರೇ, ಅಲ್ಲಿ ಆಡುವ ಆಸೆ ಬಾಲ್ಯದ್ದು. ಆಮೇಲೆ ಜಪಾನ್, ನ್ಯೂಯಾರ್ಕಿನಲ್ಲಿ ಷೇರು ದಲ್ಲಾಳಿ ಕೆಲಸ. 1997ರಲ್ಲಿ ಮಹಿಳೆಯರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎ ಶುರುವಾದಾಗ ಮೂವತ್ತೆಂಟರ ಹೊಸ್ತಿಲಲ್ಲಿ ಮತ್ತೆ ಶೂ ಕಟ್ಟಿ ಕ್ಲೀವ್‌ಲ್ಯಾಂಡ್ ಪರ ಅಂಗಳಕ್ಕಿಳಿದರು. ಕಸುವಿನ ವರ್ಷಗಳೆಲ್ಲ ಕಳೆದ ಮೇಲೆ ದೇಶದೊಳಗೆ ಸಿಕ್ಕ ಲೀಗ್ ಅದು, ಆದರೂ ಎರಡು ಸೀಸನ್ ಆಡಿದರು.

ಈ ಸಂಚಿಕೆ ಓದುವ ಎಷ್ಟೋ ಅಕ್ಕತಂಗಿಯರಿಗೆ ಇದು ದೂರದ ಕಥೆಯಲ್ಲ. ಊರಿನಲ್ಲಿ ಹೈಸ್ಕೂಲ್ ತಂಡದಲ್ಲಿ ಥ್ರೋಬಾಲ್, ಖೋ ಖೋ ಆಡಿ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಗೆದ್ದು, ಪಿಯುಸಿ ಹೊತ್ತಿಗೆ “ಇನ್ನು ಸಾಕು, ಓದಿನ ಕಡೆ ಗಮನ ಕೊಡು” ಎಂಬ ಮಾತಿಗೆ ಆಟ ಬಿಟ್ಟವರು ನಮ್ಮಲ್ಲಿ ಬಹಳ. ಯಾರ ಕೈಗೆ ಕಪ್ ಬಂತು, ಫೈನಲ್‌ನಲ್ಲಿ ಯಾರು ಎಷ್ಟು ಗಳಿಸಿದರು ಎಂಬುದನ್ನು ಬರೆದಿಟ್ಟವರಿಲ್ಲ. ಈಗ ಅವರ ಹೆಣ್ಣುಮಕ್ಕಳು ಇಲ್ಲಿ ಅಮೆರಿಕದಲ್ಲಿ ಶಾಲಾ ತಂಡದಲ್ಲಿ ಆಡುತ್ತಾರೆ, ಶನಿವಾರ ಬೆಳಗ್ಗೆ ಜಿಮ್‌ನ ಬೆಂಚಿನ ಮೇಲೆ ತಾಯಂದಿರು ಉಪ್ಪಿಟ್ಟಿನ ಡಬ್ಬಿ ಇಟ್ಟುಕೊಂಡು ಕೂತಿರುತ್ತಾರೆ. ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ರಂಗಪ್ರವೇಶದ ಚಿತ್ರಗಳನ್ನು ಪ್ರೀತಿಯಿಂದ ಹಾಕುತ್ತೇವೆ. ಆ ತಾಯಂದಿರ ಜಿಲ್ಲಾ ಮಟ್ಟದ ಗೆಲುವಿಗೂ ಈ ಮಕ್ಕಳ ಆಟಕ್ಕೂ ಒಂದು ಪುಟ ಸಿಗಲಿ ಎಂದು ಸಂಪಾದಕ ಮಂಡಳಿಯನ್ನು ಕೇಳಿಕೊಳ್ಳುತ್ತೇನೆ.

ಇನ್ನೊಂದು ಹೆಸರು ಹೇಳದಿದ್ದರೆ ವುಡರ್ಡ್ ಅವರಿಗಾದದ್ದನ್ನೇ ನಾನೂ ಮಾಡಿದಂತೆ. ಪರ್ಲ್ ಮೂರ್ 1975ರಿಂದ 1979ರವರೆಗೆ ಆಡಿದವರು, ಬಹುಪಾಲು ಸೌತ್ ಕ್ಯಾರೊಲಿನದ ಫ್ರಾನ್ಸಿಸ್ ಮೇರಿಯನ್ ಎಂಬ ಸಣ್ಣ ಕಾಲೇಜಿನ ಪರ. ಅವರನ್ನು ನೈಸ್ಮಿತ್ ಹೆಸರಿನ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2021ರಲ್ಲಿ. ಅವರ ಕಾಲೇಜು ಅಂಕಗಳು 4,061. ಕ್ಲಾರ್ಕ್ ಆ ಸಂಖ್ಯೆ ಮುಟ್ಟಲು ಇನ್ನೂ 110 ಅಂಕ ಬೇಕಿತ್ತು.