ಬಯಕೆ ಬೇರೆ, ಸುಖ ಬೇರೆ

ಸುಖ ಮತ್ತು ನೋವು, ಮಾನವನನ್ನು ಆಳುವ ಒಡೆಯರು ಇವರಿಬ್ಬರೇ ಎಂದು ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ 1789ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸಾರಿದನು. ಮೇಲ್ನೋಟಕ್ಕೆ ಈ ಮಾತು ಸರಿಯೆನಿಸುತ್ತದೆ. ಆದರೆ ಹಳೆಯ ಬೀಡಿ ಚಟದವರೊಬ್ಬರನ್ನು ವಿಚಾರಿಸಿ ನೋಡಿ. ಮೊದಲಿನ ರುಚಿ ಈಗಿಲ್ಲ, ಕೆಮ್ಮು ನಿಲ್ಲುವುದಿಲ್ಲ, ಆದರೂ ಬಿಡಲಾಗುತ್ತಿಲ್ಲ ಎನ್ನುತ್ತಾರೆ. ಸುಖವಿಲ್ಲದ ಕಡೆಗೆ ಅವರನ್ನು ಎಳೆಯುವುದಾದರೂ ಯಾವುದು?

1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಯ ಮೆದುಳಿಗೆ ತಂತಿ ಜೋಡಿಸಿದರು. ಹಿಡಿಕೆ ಒತ್ತಿದರೆ ಮೆದುಳಿಗೆ ಕಿಂಚಿತ್ ವಿದ್ಯುತ್ ಹರಿಯುತ್ತಿತ್ತು. ಇಲಿ ಗಂಟೆಗೆ ನೂರಾರು ಸಲ ಒತ್ತಿತು. ಸುಖದ ಕೇಂದ್ರ ಸಿಕ್ಕಿತೆಂದು ಹಲವರು ಭಾವಿಸಿದರು. ಅದು ಅವಸರದ ತೀರ್ಮಾನ. 1989ರಲ್ಲಿ ಕೆಂಟ್ ಬೆರಿಜ್ ಮತ್ತು ಸಂಗಡಿಗರು, ಮೆದುಳಿನಲ್ಲಿ ಡೋಪಮಿನ್ ಎಂಬ ದ್ರವ್ಯ ಬಹುತೇಕ ಇಲ್ಲವಾಗಿಸಿದ ಇಲಿಗಳನ್ನು ಪರೀಕ್ಷಿಸಿದರು. ಅಂಥ ಇಲಿಗಳು ಎದುರಿಗಿರುವ ಆಹಾರವನ್ನೂ ಮುಟ್ಟುವುದಿಲ್ಲ. ಆದರೆ ಬಾಯಿಗೆ ಸಿಹಿ ಹನಿಸಿದಾಗ ಎಂದಿನಂತೆ ನಾಲಿಗೆ ಚಾಚಿ ಸವಿದವು! ಸವಿ ಉಳಿದಿತ್ತು, ಬಯಕೆ ಅಳಿದಿತ್ತು. ಬೀಡಿಯವರದು ಇದರ ತಿರುವುಮುರುವು.

ಆದ್ದರಿಂದ “ಮನಸ್ಸು ಬಯಸುತ್ತಿದೆ, ಹಾಗಾಗಿ ಅದರಲ್ಲಿ ಸುಖವಿರಲೇಬೇಕು” ಎಂಬ ವಾದವನ್ನು, ಅದು ನಿಮ್ಮದೇ ಮನಸ್ಸಿನ ವಾದವಾದರೂ, ಸುಲಭವಾಗಿ ಒಪ್ಪಬೇಡಿ. ಕೈಯಲ್ಲಿರುವ ಮೊಬೈಲಿಗೂ ಈ ಮಾತು ಸಲ್ಲುತ್ತದೆ.

ಹಾಗಾದರೆ ಬಯಕೆಯ ಮುಂದೆ ಮನುಷ್ಯ ಅಸಹಾಯಕನೇ? ಅದೇ ಬೀಡಿಯವರನ್ನು ರಮಝಾನಿನ ಮಧ್ಯಾಹ್ನ ಗಮನಿಸಿರಿ. ತಲೆ ಸಿಡಿಯುತ್ತಿರುತ್ತದೆ, ಕಟ್ಟು ಕಿಸೆಯಲ್ಲೇ ಇರುತ್ತದೆ, ನೋಡುವವರು ಯಾರೂ ಇಲ್ಲ. ಆದರೂ ಮುಟ್ಟುವುದಿಲ್ಲ. “ಉಪವಾಸ ಅಲ್ಲವೇ” ಎಂದಷ್ಟೇ ಹೇಳುತ್ತಾರೆ. ಮಗ್ರಿಬ್ ಬಾಂಗ್ ಆದ ಬಳಿಕವೇ ಕೈ ಕಿಸೆಯತ್ತ ಹೋಗುವುದು.