ಅಪ್ಪನಿಗೆ ಸಂಗೀತ ಅಷ್ಟೇನಿಲ್ಲ

ಡಿಸೆಂಬರ್ ಬಂತೆಂದರೆ ನನ್ನ ವಿದ್ಯಾರ್ಥಿಗಳ ವಾಟ್ಸಾಪ್ ಸ್ಟೇಟಸ್ಸಿನ ತುಂಬ ಹಾಡುಗಾರರ ಪಟ್ಟಿ. ವರ್ಷವಿಡೀ ಯಾರನ್ನು ಎಷ್ಟು ಹೊತ್ತು ಕೇಳಿದಿರಿ ಎಂದು ಆ್ಯಪೇ ಲೆಕ್ಕ ಹಾಕಿ ಕೊಡುತ್ತದೆ, ಇವರು ಅದನ್ನು ಊರಿಗೆಲ್ಲ ತೋರಿಸುತ್ತಾರೆ. ಹೋದ ವರ್ಷ ಒಬ್ಬಳು ಮಾತ್ರ ಹಾಕಿರಲಿಲ್ಲ. ಯಾಕಮ್ಮ ಎಂದು ತಮಾಷೆಗೆ ಕೇಳಿದೆ. "ಸರ್, ನನ್ನ ಫೋನಲ್ಲಿ ಅಮ್ಮ ಭಜನೆ ಕೇಳ್ತಾರೆ, ತಮ್ಮ ಏನೇನೋ ಕೇಳ್ತಾನೆ. ಲಿಸ್ಟೆಲ್ಲ ಕೆಟ್ಟೋಗಿದೆ" ಎಂದಳು. ಅಮ್ಮ ಕೇಳಿದ ಹಾಡಿನಿಂದ ಪಟ್ಟಿ ಕೆಡುವುದೇ ಎಂದು ನಕ್ಕೆ. ಮನೆಗೆ ಬರುವಷ್ಟರಲ್ಲಿ ಆ ನಗು ಇರಲಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಧಾರವಾಡದಲ್ಲಿ ನಾನೇ ಆಡಿದ ಒಂದು ಮಾತು ನೆನಪಾಗಿತ್ತು.

ಆ ಮಾತಿಗೆ ಮುಂಚೆ ಒಂದು ಸುಳ್ಳಿನ ಕತೆ ಹೇಳಬೇಕು.

ಎಂ.ಎ. ಓದಲು ಧಾರವಾಡಕ್ಕೆ ಹೋದ ಮೊದಲ ವಾರ. ಹಾಸ್ಟೆಲ್ಲಿನ ಕೋಣೆಯಲ್ಲಿ ರಾತ್ರಿ ಊಟವಾದ ಮೇಲೆ ಸೀನಿಯರುಗಳು ಟೇಪ್ ರೆಕಾರ್ಡರಿನ ಸುತ್ತ ಕೂತಿದ್ದರು. ಮಾತು ಸುತ್ತಿ ಸುತ್ತಿ ನನ್ನ ಬಳಿ ಬಂತು. "ನಿನಗ ಯಾರ ಹಾಡಿಕಿ ಸೇರ್ತದಪಾ?" ನಾನು ತಡಮಾಡದೆ "ಮಲ್ಲಿಕಾರ್ಜುನ ಮನ್ಸೂರ್" ಎಂದೆ. ಅಲ್ಲಿಯವರೆಗೆ ನಾನು ಮನ್ಸೂರರನ್ನು ಹತ್ತು ನಿಮಿಷವೂ ಕೇಳಿರಲಿಲ್ಲ. 1992ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಯಲ್ಲಿ ಓದಿದ್ದೆ, ಅಷ್ಟೆ. "ಯಾವ ರಾಗ?" ಎಂದರು. ನನಗೆ ಗೊತ್ತಿದ್ದ ಒಂದೇ ಹೆಸರು ಯಮನ್, ಅದನ್ನೇ ಹೇಳಿದೆ. ಒಬ್ಬ ನಕ್ಕ. ಶಿವಮತ ಭೈರವ, ಖಟ್, ಬಹಾದುರಿ ತೋಡಿಯಂಥ ಅಪರೂಪದ ರಾಗಗಳಿಗೆ ಹೆಸರಾದ ಗಾಯಕನ ಭಕ್ತ ಎಂದುಕೊಂಡವನು ಯಮನ್ ಎಂದರೆ ಯಾರಾದರೂ ನಗುತ್ತಾರೆ.

ಬಣ್ಣ ಬಯಲಾಗದಿರಲಿ ಎಂದು ಕೇಳತೊಡಗಿದೆ. ಮನ್ಸೂರರು ಜೈಪುರ-ಅತ್ರೌಲಿ ಘರಾಣೆಯವರು, ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರಲ್ಲಿ ಕಲಿತವರು ಎಂಬುದನ್ನೆಲ್ಲ ಪರೀಕ್ಷೆಗೆ ಓದುವವನ ಹಾಗೆ ಓದಿಕೊಂಡೆ. ಅವರ ಆತ್ಮಕಥೆ 'ನನ್ನ ರಸಯಾತ್ರೆ'ಯನ್ನೂ ಮುಗಿಸಿದೆ. ತಲೆಗೆ ಹೋಯಿತು, ಕಿವಿಗೆ ಮಾತ್ರ ಏನೂ ಹತ್ತಲಿಲ್ಲ. ತಿಂಗಳುಗಟ್ಟಲೆ ಹೀಗೇ. ಆಮೇಲೆ ಒಂದು ಬೆಳಗ್ಗೆ ಹಲ್ಲುಜ್ಜುತ್ತ ವರಾಂಡದಲ್ಲಿ ನಿಂತಿದ್ದೆ, ಪಕ್ಕದ ಕೋಣೆಯಲ್ಲಿ ಮನ್ಸೂರರ ಕ್ಯಾಸೆಟ್ ಓಡುತ್ತಿತ್ತು. ಒಂದು ತಾನ್ ಹೊರಟಿತು. ಇಲ್ಲಿಗೆ ಮುಗಿಯಿತು ಎಂದುಕೊಂಡ ಕಡೆ ಮುಗಿಯದೆ ತಿರುಗಿತು, ಮತ್ತೆ ತಿರುಗಿತು, ಇನ್ನೇನು ಸಮ್ ತಪ್ಪಿಯೇ ಹೋಯಿತು ಎನ್ನುವಷ್ಟರಲ್ಲಿ ಸರಿಯಾಗಿ ಅದರ ಮೇಲೆ ಬಂದು ಕೂತಿತು. ಬ್ರಷ್ಷು ಬಾಯಲ್ಲೇ ಉಳಿಯಿತು. ಈ ಮನುಷ್ಯ ಉಸಿರು ತೆಗೆದುಕೊಂಡದ್ದಾದರೂ ಎಲ್ಲಿ? ಆವತ್ತಿನಿಂದ ಮನ್ಸೂರರು ನನಗೆ ನಿಜವಾಗಿಯೂ ಇಷ್ಟ.

ಹಾಗಾದರೆ ಮೊದಲ ರಾತ್ರಿ ಹೇಳಿದ್ದು ಸುಳ್ಳೋ, ಮುಂಗಡ ಹೇಳಿದ ನಿಜವೋ?

ತತ್ವಜ್ಞಾನಿ ಕಾಂಟ್ 1790ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಒಂದು ವ್ಯತ್ಯಾಸ ಗುರುತಿಸುತ್ತಾನೆ. ಇಂಥ ದ್ರಾಕ್ಷಾರಸ ನನಗೆ ಹಿತ ಎಂದು ನಾನಂದರೆ ಅದು ನನ್ನ ಮಟ್ಟಿಗಿನ ಮಾತು, ಯಾರೂ ಜಗಳಕ್ಕೆ ಬರುವುದಿಲ್ಲ. ಒಂದನ್ನು ಸುಂದರ ಎಂದೆನೋ, ಆಗ ನಾನು ನನ್ನೊಬ್ಬನ ಪರವಾಗಿ ಮಾತಾಡುತ್ತಿಲ್ಲ, ನೀವೂ ಒಪ್ಪಬೇಕು ಎಂದು ಕೇಳುತ್ತಿದ್ದೇನೆ. ಹಾಸ್ಟೆಲ್ಲಿನಲ್ಲಿ ನಾನಂದದ್ದು ಎರಡೂ ಅಲ್ಲ. ನನ್ನನ್ನೂ ನಿಮ್ಮೊಳಗೆ ಸೇರಿಸಿಕೊಳ್ಳಿ ಎಂಬುದಷ್ಟೇ ಅದರ ಅರ್ಥ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಬೋರ್ದ್ಯೂ 1979ರ ತನ್ನ ದೊಡ್ಡ ಪುಸ್ತಕದಲ್ಲಿ ಅಭಿರುಚಿಯ ಬಗ್ಗೆ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಯಾರು ಯಾವ ಪಂಕ್ತಿಯವರು ಎಂಬುದನ್ನು ಅವರ ಇಷ್ಟಾನಿಷ್ಟಗಳು ಹೇಳುತ್ತವೆ, ಹೇಳಿ ಆ ಪಂಕ್ತಿಗಳನ್ನು ಕಾಯುತ್ತವೆ. ಆ ರಾತ್ರಿಯ ಮಟ್ಟಿಗೆ ಅವನ ಮಾತು ನೂರಕ್ಕೆ ನೂರು ಸರಿ. ಹಲ್ಲುಜ್ಜುತ್ತ ನಿಂತ ಬೆಳಗಿಗೆ ಮಾತ್ರ ಅದು ಸಾಲದು. ಅಲ್ಲಿ ನನ್ನನ್ನು ನೋಡುವವರು ಯಾರೂ ಇರಲಿಲ್ಲ.

ಅವರವರ ರುಚಿ ಅವರವರಿಗೆ ಎಂದು ಕೈತೊಳೆದುಕೊಳ್ಳುವವರ ಜೊತೆಗೂ ನಾನಿಲ್ಲ. ಕೇಳಲು ಉದಾರವಾಗಿರುವ ಆ ಮಾತಿನಲ್ಲಿ ಸೋಮಾರಿತನವೂ ಇದೆ. ಅದನ್ನು ನಂಬಿದ್ದರೆ ನಾನು ಆ ಕ್ಯಾಸೆಟ್ಟುಗಳ ಹತ್ತಿರವೂ ಸುಳಿಯುತ್ತಿರಲಿಲ್ಲ. ಪದೇ ಪದೇ ಕಾವ್ಯದ ಸಹವಾಸ ಮಾಡಿ ಮನಸ್ಸಿನ ಕನ್ನಡಿ ತಿಳಿಯಾದವನು ಸಹೃದಯ ಎನ್ನುತ್ತಾನೆ ಅಭಿನವಗುಪ್ತ. ತಿಳಿಯಾಗುವುದಕ್ಕೆ ಅಭ್ಯಾಸ ಬೇಕು. ಅಭ್ಯಾಸಕ್ಕೆ ಕೂರಿಸಿದ್ದು ನನ್ನ ವಿಷಯದಲ್ಲಿ ನಾಚಿಕೆ. ಆದ್ದರಿಂದ ಆ ಸುಳ್ಳಿಗೆ ನಾನು ಪಶ್ಚಾತ್ತಾಪಪಟ್ಟವನಲ್ಲ.

ಪಶ್ಚಾತ್ತಾಪ ಇರುವುದು ಇನ್ನೊಂದಕ್ಕೆ.

ಅಪ್ಪ ದಾವಣಗೆರೆ ಹತ್ತಿರದ ಊರಿನಲ್ಲಿ ದರ್ಜಿ. ಅಂಗಡಿಯ ಗೂಡಿನಲ್ಲಿ ಒಂದು ರೇಡಿಯೊ, ಅದರಲ್ಲಿ ವಿವಿಧ ಭಾರತಿ. ಅವನ ದೇವರು ಪಿ.ಬಿ. ಶ್ರೀನಿವಾಸ್. ಎಪ್ಪತ್ತರ ದಶಕದಲ್ಲಿ ರಾಜಕುಮಾರರೇ ಹಾಡತೊಡಗುವವರೆಗೆ ಅವರ ಹಾಡಿನ ದನಿಯಾಗಿದ್ದವರು. ಹಾಡಿನ ಮೊದಲ ಸಂಗೀತ ಬಂದರೆ ಸಾಕು, ಅಪ್ಪ ಸಿನಿಮಾ, ಬರೆದವರು, ರಾಗ ಹಾಕಿದವರು ಎಲ್ಲವನ್ನೂ ಹೇಳುತ್ತಿದ್ದ. ನನ್ನ ಎರಡನೇ ವರ್ಷದಲ್ಲಿ ಒಮ್ಮೆ ಹಾಸ್ಟೆಲ್ಲಿಗೆ ಬಂದ, ಚಕ್ಕುಲಿ ಡಬ್ಬಿ ಹಿಡಿದುಕೊಂಡು. ಗೆಳೆಯರು ಪ್ರೀತಿಯಿಂದಲೇ ಕೇಳಿದರು: "ಕಾಕಾ, ನಿಮಗ ಯಾರ ಹಾಡಿಕಿ ಸೇರ್ತದ್ರಿ?" ಅಪ್ಪ ಬಾಯಿ ತೆರೆಯುವ ಮೊದಲೇ ನಾನು "ಅಪ್ಪನಿಗೆ ಸಂಗೀತ ಅಷ್ಟೇನಿಲ್ಲ" ಎಂದುಬಿಟ್ಟೆ. ಅಪ್ಪ ನನ್ನ ಮುಖ ನೋಡಿದ. ಆಮೇಲೆ ಹೌದೆನ್ನುವ ಹಾಗೆ ತಲೆ ಆಡಿಸಿ ಡಬ್ಬಿಯ ಮುಚ್ಚಳ ತೆಗೆದ.

ಮೊದಲ ಸುಳ್ಳಿನಲ್ಲಿ ನಾನು ಇಲ್ಲದ್ದನ್ನು ಇದೆ ಎಂದಿದ್ದೆ. ಇದರಲ್ಲಿ ಇದ್ದದ್ದನ್ನು ಇಲ್ಲ ಎಂದೆ, ಅದೂ ಇನ್ನೊಬ್ಬರದ್ದನ್ನು.

ಇದನ್ನೇ ಅಧಿಕಾರದಿಂದ ಮಾಡಿದವರೂ ಇದ್ದಾರೆ. 1952ರಲ್ಲಿ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಸ್ವತಃ ಶಾಸ್ತ್ರೀಯ ಸಂಗೀತ ಬಲ್ಲವರು. ಸಿನಿಮಾ ಹಾಡು ಜನರ ಅಭಿರುಚಿ ಕೆಡಿಸುತ್ತದೆ ಎಂದು ಆಕಾಶವಾಣಿಯಲ್ಲಿ ಅದಕ್ಕೆ ಕಡಿವಾಣ ಹಾಕಿದರು. ಜನ ರೇಡಿಯೊದ ಮುಳ್ಳನ್ನು ಸಿಲೋನ್ ಕಡೆ ತಿರುಗಿಸಿದರು. ಕೊನೆಗೆ 1957ರಲ್ಲಿ ಆಕಾಶವಾಣಿಯೇ ವಿವಿಧ ಭಾರತಿ ಶುರು ಮಾಡಬೇಕಾಯಿತು. ಕೇಸ್ಕರ್ ಬರೀ ಖಳನಾಯಕರೇನಲ್ಲ. ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದೂ ಅವರ ಕಾಲದಲ್ಲೇ, 1952ರಲ್ಲಿ. ಟಿಕೆಟ್ ಕೊಳ್ಳಲಾಗದ ಎಷ್ಟೋ ಮನೆಗಳಿಗೆ ದೊಡ್ಡ ಗಾಯಕರು ಬಂದದ್ದು ಆ ದಾರಿಯಿಂದ. ಒಳ್ಳೆಯದನ್ನು ಕೇಳಿಸಿದ್ದು ತಪ್ಪಲ್ಲ. ಕೇಳುವವರಿಗೆ ಕಿವಿಯೇ ಇಲ್ಲ ಎಂದುಕೊಂಡದ್ದು ತಪ್ಪು. ನಾನು ಚಕ್ಕುಲಿ ಡಬ್ಬಿಯ ಮುಂದೆ ಮಾಡಿದ್ದೂ ಅದನ್ನೇ.

ವಿದ್ಯಾರ್ಥಿನಿ ಹಾಗಂದ ವಾರ ಊರಿಗೆ ಹೋದೆ. ಅಪ್ಪನಿಗೀಗ ಕಣ್ಣು ಮಂಜು, ಅಂಗಡಿ ಮುಚ್ಚಿ ವರ್ಷಗಳಾಗಿವೆ. ರಾತ್ರಿ ಅವನ ಪಕ್ಕ ಕೂತು ಪಿ.ಬಿ. ಶ್ರೀನಿವಾಸರಲ್ಲಿ ಅಂಥದ್ದೇನಿದೆ ಎಂದು ಮೊದಲ ಸಲ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದ. "ಒಳ್ಳೆ ಹೆಮ್ಮಿಂಗ್ ಮಾಡಿದ್ರೆ ಬಟ್ಟೆ ಹೊರಗಡೆ ದಾರ ಕಾಣಲ್ಲ ನೋಡು. ಅವರು ಜೋರು ಮಾಡಲ್ಲ, ಕೂಗಲ್ಲ. ಎಲ್ಲಿ ಹಿಡಿದಾರೆ ಅಂತ ಗೊತ್ತಾಗಲ್ಲ, ಆದ್ರೆ ಹಾಡು ಬಿಚ್ಚಿಕೊಳ್ಳಲ್ಲ" ಎಂದ. ಇಷ್ಟು ವರ್ಷ ನಾನು ಆ ಹಾಡುಗಳನ್ನು ಕೇಳಿಯೇ ಇರಲಿಲ್ಲ ಅನ್ನಿಸಿತು. ಧಾರವಾಡದ ಆ ಸಂಜೆ ನೆನಪಿದೆಯಾ ಎಂದು ಕೇಳಲು ಬಾಯಿ ಬರಲಿಲ್ಲ.

ಅದರ ಬದಲು ಫೋನಿನಲ್ಲಿ ಮನ್ಸೂರರನ್ನು ಹಾಕಿ ದಿಂಬಿನ ಹತ್ತಿರ ಇಟ್ಟೆ. ಅಪ್ಪ ಕಣ್ಣು ಮುಚ್ಚಿ ಇಪ್ಪತ್ತು ನಿಮಿಷ ಅಲ್ಲಾಡದೆ ಕೇಳಿದ. ನಿದ್ದೆ ಹೋದನೇನೋ ಎಂದುಕೊಂಡೆ. ಮುಗಿದ ಮೇಲೆ ಕಣ್ಣು ಬಿಟ್ಟು, "ಚೆನ್ನಾಗಿದೆ ಅನ್ನಲಾ, ನಿಜ ಹೇಳಲಾ?" ಎಂದ.

"ನಿಜಾನೇ ಹೇಳಪ್ಪ."

"ನನಗೆ ಹತ್ತಲಿಲ್ಲ. ಇನ್ನೊಂದ್ಸಲ ಹಾಕು."